ಕೆಂಪಣ್ಣನ ಡಾಂಬರು ಅಂಗಳ

ಗೊರೂರಿನಲ್ಲಿ ಅಣೆಕಟ್ಟೆ ಕೆಲಸ ಶುರುವಾಗಿದ್ದ ಕಾಲ. ಹಳೇಕೋಟೆಯ ಕೆಂಪಣ್ಣನಿಗೆ ಮಳೆಗಾಲ ಬಂತೆಂದರೆ ಒಂದೇ ತಲೆನೋವು. ಹಾಸನಕ್ಕೆ ಓಡುವ ಅವನ ಬಸ್ಸು ರಾತ್ರಿ ಮನೆ ಮುಂದಿನ ಅಂಗಳದಲ್ಲೇ ನಿಲ್ಲಬೇಕು, ಬೆಳಗಾಗುವಷ್ಟರಲ್ಲಿ ಚಕ್ರ ಕೆಸರಲ್ಲಿ ಹೂತಿರಬೇಕು. ತಳ್ಳಿ ತಳ್ಳಿ ಊರ ಗಂಡಸರಿಗೆ ಸಾಕಾಗಿಹೋಗಿತ್ತು. ಆ ಬೇಸಿಗೆ ಅವನು ಡಾಂಬರಿನ ಪೀಪಾಯಿ ತರಿಸಿ, ಕಾಯಿಸಿ, ಅಂಗಳಕ್ಕೆಲ್ಲ ದಪ್ಪಗೆ ಬಳಿಸಿಬಿಟ್ಟ.

ಎಲ್ಲರಿಗಿಂತ ಹಿಗ್ಗಿದವಳು ಅವನ ತಾಯಿ ಪುಟ್ಟತಾಯಮ್ಮ. ಸಗಣಿ ಸಾರಿಸುವ ಗೋಳು ತಪ್ಪಿತಲ್ಲ! ಕರಿ ನೆಲದ ಮೇಲೆ ಚಾಪೆ ಹಾಸಿ ಹರಡಿದ ಮೆಣಸಿನಕಾಯಿ ಅರ್ಧ ದಿನಕ್ಕೇ ಗಲಗಲ ಅನ್ನುತ್ತಿತ್ತು. ನಾತವೇನೋ ಇತ್ತು. ನಾಲ್ಕು ದಿನ ಮೂಗು ಮುಚ್ಚಿಕೊಂಡಳು, ಆಮೇಲೆ ಒಗ್ಗಿಹೋಯಿತು.

ಒಗ್ಗದೆ ಹೋದದ್ದು ಕೂಸಿಗೆ. ಜಗುಲಿಯ ತೊಲೆಗೆ ಕಟ್ಟಿದ ತೊಟ್ಟಿಲಲ್ಲಿ ಮಲಗುತ್ತಿದ್ದ ಮೊಮ್ಮಗಳು ಕೆಮ್ಮತೊಡಗಿದಳು. ಬಿಸಿಲೇರಿದಂತೆ ಎದೆ ಗೊರಗೊರ ಅನ್ನುತ್ತಿತ್ತು, ಮೊಲೆ ಬಾಯಿಗಿಟ್ಟರೆ ಉಸಿರು ಸಾಲದೆ ಕೂಸು ಬಿಟ್ಟುಬಿಡುತ್ತಿತ್ತು. ಸೊಸೆ ಜಯಲಕ್ಷ್ಮಮ್ಮ ಕಣ್ಣೀರಿಟ್ಟಳು. ಹೊಸ ಅಂಗಳಕ್ಕೆ ಊರವರ ಕಣ್ಣು ಬಿದ್ದಿದೆ ಎಂದು ಪುಟ್ಟತಾಯಮ್ಮ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಬಂದರೆ ದೃಷ್ಟಿಯಿಲ್ಲ, ಬಾರದಿದ್ದರೆ ದೃಷ್ಟಿ ಎಂಬುದು ಎಲ್ಲರೂ ಬಲ್ಲ ಲೆಕ್ಕ. ಹಿಡಿ ಮೆಣಸಿನಕಾಯಿ ಉರಿದರೂ ಅವಳ ಮೂಗಿಗೆ ಏನೂ ತಾಕಲಿಲ್ಲ. ಅಬ್ಬಾ, ಎಂಥ ಕೆಟ್ಟ ಕಣ್ಣು ಎಂದು ಮುದುಕಿ ನಡುಗಿದಳು.

ಅಷ್ಟರಲ್ಲಿ ಕೂಸನ್ನು ನೋಡಲು ಬಂದ ನರ್ಸಮ್ಮ ನೀಲಾಂಬಿಕೆ ಹೊಸ್ತಿಲಲ್ಲೇ ಕೆಮ್ಮಿ ಕೆಮ್ಮಿ ಸುಸ್ತಾದರು.

"ಏನಮ್ಮಾ ಇದು, ಇಷ್ಟು ಘಾಟು?"

"ಗಾಟೆಲ್ಲೈತೆ ತಾಯಿ? ನಂಗೇನೂ ಬತ್ತಿಲ್ವಲ್ಲ," ಎಂದಳು ಪುಟ್ಟತಾಯಮ್ಮ.

ನೀಲಾಂಬಿಕೆ ಅಂಗಳದ ಕಡೆ ತಿರುಗಿ ನೋಡಿದರು. "ಡಾಂಬರಿನ ನಾತ ಕುಡಿದೂ ಕುಡಿದೂ ನಿಮ್ಮ ಮೂಗು ಮೊಂಡಾಗಿದೆ ಅಮ್ಮ. ನಾತ ಅಂದರೆ ಬರೀ ನಾತ ಅಲ್ಲ. ಬಿಸಿಲಿಗೆ ಕಾದ ಡಾಂಬರು ಕಣ್ಣಿಗೆ ಕಾಣದ ಹೊಗೆ ಬಿಡುತ್ತೆ. ಅದೇ ಕೂಸಿನ ಎದೆಗೆ ಹೋಗ್ತಾ ಇರೋದು."

ಕೂಸಿಗೆ ಔಷಧಿ ಕೊಟ್ಟು, ಮೊದಲು ಅದನ್ನು ಈ ಗಾಳಿಯಿಂದ ಆಚೆ ಕಳಿಸಿ ಎಂದು ಖಡಾಖಂಡಿತ ಹೇಳಿ ಹೋದರು. ಜಯಲಕ್ಷ್ಮಮ್ಮ ಕೂಸನ್ನೆತ್ತಿಕೊಂಡು ಶೆಟ್ಟಿಹಳ್ಳಿಯ ತವರಿಗೆ ಹೋದಳು. ವಾರ ಕಳೆಯುವುದರೊಳಗೆ ಕೆಮ್ಮು ಇಳಿಯಿತು. ನೋಡಲು ಹೋದ ಪುಟ್ಟತಾಯಮ್ಮ ಮೊಮ್ಮಗಳ ಎದೆಗೆ ಕಿವಿಯಿಟ್ಟಳು. ಗೊರಗೊರ ಸದ್ದಿರಲಿಲ್ಲ. ಅಲ್ಲೇ ಅವಳ ಮನಸ್ಸು ಗಟ್ಟಿಯಾಯಿತು.

ಊರಿಗೆ ಬಂದವಳೇ ಡಾಂಬರು ಕೀಳಿಸು ಎಂದಳು. ಕೆಂಪಣ್ಣ ನಕ್ಕುಬಿಟ್ಟ. ದಿನಾ ರಾತ್ರಿ ಇಲ್ಲೇ ಮಲಗುತ್ತೇನೆ, ನನಗೇನಾಗಿದೆ ಎಂದ. ಮಳೆ ಬಂದರೆ ಬಸ್ಸು ನಿನ್ನ ತಲೆ ಮೇಲೆ ನಿಲ್ಲಿಸಲೇ ಎಂದೂ ರೇಗಿದ.

"ನೀನು ಒತ್ತಾರೆ ಬಸ್ಸತ್ತಿ ಓಯ್ತೀಯ, ತಂಪೊತ್ತಲ್ಲಿ ಬತ್ತೀಯ," ಎಂದಳು ಮುದುಕಿ. "ಒಂದಿನ ಮಟಮಟ ಮದ್ದಾನದಲ್ಲಿ ಕೂಸಿನ ಜಾಗದಾಗೆ ಮಲಗ್ ನೋಡ್ಲಾ. ಆಮೇಲೆ ಮಾತಾಡು."

ಮಾರನೆಯ ದಿನ ಡ್ರೈವರ್ ಷಡಕ್ಷರಿಯ ಕೈಗೆ ಬಸ್ಸು ಕೊಟ್ಟು ಕೆಂಪಣ್ಣ ಹಟಕ್ಕೆ ಬಿದ್ದು ತೊಟ್ಟಿಲ ಕೆಳಗೆ ಚಾಪೆ ಹಾಸಿದ. ಬಿಸಿಲು ನೆತ್ತಿಗೇರಿತು. ಕರಿ ನೆಲ ಮೆತ್ತಗಾಗಿ ಮಿರಮಿರ ಮಿಂಚಿತು. ಕಣ್ಣು ಉರಿಯಿತು, ಗಂಟಲು ಕೆರೆಯಿತು, ತಲೆ ಸಿಡಿಯಿತು. ಆಳೆತ್ತರದ ಗಂಡಸು ಎದ್ದು ಬೇಲಿಯಾಚೆ ಹೋಗಿ ಕೂತ. ಎದ್ದು ಹೋಗಲಾರದ ಕೂಸನ್ನು ಇದರಲ್ಲಿ ಮಲಗಿಸಿದ್ದೆನಲ್ಲ ಎಂದು ಅವನಿಗೆ ಅಳು ಬಂತು.

ಹಿಂದಿರುಗಿ ನೋಡಿದರೆ ಅವ್ವ ಸೆರಗು ಬಿಗಿದು ಹಾರೆ ಹಿಡಿದಿದ್ದಳು.

"ಬುಡವ್ವ, ನಾನ್ ಕೀಳ್ತೀನಿ," ಎಂದು ಕಸಿದುಕೊಂಡ.

ಬಿಸಿಲಿಗೆ ಅಂಟುವ ಡಾಂಬರನ್ನು ಬೆಳಗಿನ ತಂಪಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಿತ್ತರು. ಪಕ್ಕದ ಮನೆಯ ಹೊನ್ನಕ್ಕ ಬಚ್ಚಲೊಲೆಗೆ ಹಾಕಲು ಒಂದು ಮಂಕರಿ ಡಾಂಬರು ಚೂರು ಕೇಳಿದಳು. ಉರಿಸಿದರೆ ಇನ್ನೂ ಕೇಡು ಎಂದು ನೀಲಾಂಬಿಕೆ ಎಚ್ಚರಿಸಿದ್ದರಿಂದ ಪುಟ್ಟತಾಯಮ್ಮ ಒಂದು ಚೂರೂ ಕೊಡಲಿಲ್ಲ. ಎಲ್ಲವನ್ನೂ ರಸ್ತೆ ಕೆಲಸದವರಿಗೆ ಒಪ್ಪಿಸಿ, ಅಂಗಳಕ್ಕೆ ಜಲ್ಲಿ, ಗರಸು ಮಣ್ಣು ಸುರಿದು, ದಿಮ್ಮಸು ಹೊಡೆದು ಗಟ್ಟಿ ಮಾಡಿ, ನೀರು ಹರಿಯಲು ಪಕ್ಕದಲ್ಲಿ ಕಾಲುವೆ ತೋಡಿದರು. ಮೊದಲ ಮಳೆಗೆ ಊರೆಲ್ಲ ಬಂದು ನೋಡಿತು. ಚಕ್ರ ಹೂತುಹೋಗಲಿಲ್ಲ.

ಕೂಸು ಮನೆಗೆ ಬಂದ ದಿನ ಪುಟ್ಟತಾಯಮ್ಮ ಬಿಟ್ಟಾಳೆಯೇ, ಮತ್ತೆ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಎರಡೇ ಎರಡು ಕಾಯಿಗೆ ಮನೆಮಂದಿಯೆಲ್ಲ ಕೆಮ್ಮುತ್ತಾ ಬೀದಿಗೆ ಓಡಿದರು. ಎಲ್ಲರಿಗಿಂತ ಮೊದಲು ಕೂಸನ್ನೆತ್ತಿಕೊಂಡು ಓಡಿದ ಮುದುಕಿ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. ಅವಳ ಮೂಗು ಮರಳಿ ಬಂದಿತ್ತು.

ಅಕ್ಕಂದಿರೇ, ಅಣ್ಣಂದಿರೇ, ಗಾಡಿ ನಿಲ್ಲಿಸುವ ಜಾಗ ಗಟ್ಟಿಯಾಗಬೇಕು, ನಿಜ. ಅದಕ್ಕೆ ಜಲ್ಲಿ ಇದೆ, ಗರಸು ಇದೆ. ಮನೆ ಬಾಗಿಲಿಗೆ ಡಾಂಬರು ಬಳಿಯಬೇಡಿ. ಬಳಿದ ಕಡೆ ಮಕ್ಕಳನ್ನು ಮಲಗಿಸಬೇಡಿ, ಕಾಳುಕಡ್ಡಿ ಒಣಗಿಸಬೇಡಿ. ನಾತ ಒಗ್ಗಿಹೋಯಿತು ಎಂದು ಸುಮ್ಮನಾಗಬೇಡಿ. ಒಗ್ಗಿದ್ದು ನಿಮ್ಮ ಮೂಗಿಗೆ ಮಾತ್ರ. ಇವತ್ತೇ, ಬಿಸಿಲೇರಿದಾಗ, ನಿಮ್ಮ ತೊಟ್ಟಿಲ ಪಕ್ಕ ಒಮ್ಮೆ ಮಲಗಿ ನೋಡಿ.