ಕಣ್ಮರೆಯಾಗುವ ತನಕ

ಶಿಗೆನೊ ಮೂರು ವರ್ಷ ಒಬ್ಬರಿಗೂ ಕೈಬೀಸಿರಲಿಲ್ಲ. ಆ ಪುಟ್ಟ ದ್ವೀಪಕ್ಕಿರುವ ಒಂದೇ ತಂಗುಮನೆಯ ಒಡತಿಗೆ ಇದು ಸಣ್ಣ ಮಾತಲ್ಲ. ಅತಿಥಿಗಳ ದೋಣಿ ಕಣ್ಮರೆಯಾಗುವ ತನಕ ಕಡಲ ಕಟ್ಟೆಯ ಮೇಲೆ ನಿಂತು ಕೈಬೀಸಬೇಕು. ಅತ್ತೆ ಬೀಸಿದ್ದಳು, ಅತ್ತೆಯ ಅತ್ತೆಯೂ ಬೀಸಿದ್ದಳು. ಆ ಮನೆಯ ಹೆಂಗಸರ ಬಲಗೈ ಎಡಗೈಗಿಂತ ಗೇಣುದ್ದ ಜಾಸ್ತಿ ಅಂತ ಊರವರು ಹೇಳುತ್ತಾರೆ. ಯಾರೂ ಅಳೆದು ನೋಡಿಲ್ಲ.

ಕೊರೊನಾ ಬಂದ ಮೇಲೆ ದೋಣಿಯಿಂದ ಟಪಾಲು, ಬಿಯರು ಬಿಟ್ಟರೆ ಬೇರೇನೂ ಇಳಿಯಲಿಲ್ಲ. ಅತಿಥಿಗಳಿಲ್ಲದ ತಂಗುಮನೆಯ ಬಿಸಿನೀರಿನ ಕೊಳಕ್ಕೆ ಊರ ಬೆಕ್ಕುಗಳು ಬಂದು ಮೀಯತೊಡಗಿದವು. ಕೊಳಕ್ಕಿಳಿಯುವ ಮುಂಚೆ ನಿಯಮದಂತೆ ಮೈ ತೊಳೆದುಕೊಳ್ಳುತ್ತಿದ್ದವು, ಆ ಮಟ್ಟಿಗೆ ದೂರಿಲ್ಲ. ಬಾಗಿಲು ಮುಚ್ಚಿದ್ದಾಗಲೂ ಸರ್ಕಾರ ಅಕ್ಕಿಗೆ, ಕರೆಂಟಿಗೆ ಆಗುವಷ್ಟು ಕಳಿಸುತ್ತಿತ್ತು. ರೋಗ ಇಳಿದ ಮೇಲೆ, "ಪ್ರವಾಸ ಹೋಗಿ, ಖರ್ಚಿನಲ್ಲಿ ಒಂದು ಪಾಲು ನಮ್ಮದು" ಎಂದು ಜನರಿಗೆಲ್ಲ ಸಾರಿತು.

ಹಾಗೆ ಬಂದ ಮೊದಲ ಅತಿಥಿಗಳು ಮುನಕಾತ ದಂಪತಿ. ಗಂಡ ಮುನಕಾತ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು.

"ನೋಡ್ರೀ," ಎಂದು ಶಿಗೆನೊ ಗಂಡ ಕಿಂಜಿಗೆ ಹೇಳಿದಳು. "ಹೋಗೋವಾಗ ಇವರು 'ಮತ್ತೆ ಬರ್ತೀವಿ' ಅಂದ್ರೆ ತಂಗುಮನೆ ನಡೆಸೋಣ. ಅನ್ನದಿದ್ರೆ ನಮ್ಮ ಕೈಯಲ್ಲಿ ಮೊದಲಿನ ರುಚಿ ಉಳಿದಿಲ್ಲ ಅಂತಲೇ ಅರ್ಥ. ಬಾಗಿಲು ಹಾಕಿಬಿಡೋಣ."

ಕಿಂಜಿ ಊರಿನ ಅತಿ ದಪ್ಪ ಮೀನನ್ನೇ ಸೀಳಿದ.

ಮುನಕಾತ ಉಂಡರು, ಮಿಂದರು, ಬೆಕ್ಕುಗಳಿಗೆ ಜಾಗ ಬಿಟ್ಟರು, ಮಲಗಿದರು. ಬೆಳಗ್ಗೆ "ತುಂಬ ತೊಂದರೆ ಕೊಟ್ವಿ" ಎಂದು ಬಾಗಿ ದೋಣಿ ಹತ್ತಿದರು. ಅಷ್ಟೇ. ಮತ್ತೆ ಬರುವ ಮಾತಿಲ್ಲ. ಆದರೂ ಶಿಗೆನೊಳ ಕೈ ತನ್ನ ಪಾಡಿಗೆ ಮೇಲೆದ್ದಿತು. ಆಚೆಯಿಂದ ಮುನಕಾತರೂ ಬೀಸಿದರು.

ಕೂಗಳತೆಯ ದೂರಕ್ಕೆ ಹೋಗುವಷ್ಟರಲ್ಲಿ ದೋಣಿಯ ಇಂಜಿನ್ ಕೆಮ್ಮಿ ನಿಂತಿತು.

ನೋಡುತ್ತಿರುವ ಅತಿಥಿಗೆ ಒಡತಿ ಬೆನ್ನು ತೋರಿಸುವಂತಿಲ್ಲ. ಬೀಳ್ಕೊಡುತ್ತಿರುವ ಒಡತಿಗೆ ಅತಿಥಿಯೂ ಬೆನ್ನು ತೋರಿಸುವಂತಿಲ್ಲ. ದೋಣಿ ಅಲ್ಲೇ, ಕಟ್ಟೆ ಇಲ್ಲೇ. ಇಬ್ಬರೂ ಬೀಸಿದರು. ಬಿಸಿಲೇರಿತು.

"ಸಾಕು ಬಾರೇ," ಎಂದ ಕಿಂಜಿ.

"ಅವರು ನಿಲ್ಲಿಸ್ಲಿ, ಬರ್ತೀನಿ."

"ನೀನು ನಿಲ್ಲಿಸ್ಲಿ ಅಂತ ಅವರು ಕಾಯ್ತಿದ್ದಾರೆ ಕಣೇ!"

"ಹಾಗಂತ ಅವರು ಹೇಳಿದ್ರಾ?"

ಕಿಂಜಿ ಅನ್ನದ ಉಂಡೆ ತಂದು ಬಾಯಿಗಿಟ್ಟ. ಅವಳು ಕೈಬೀಸುತ್ತಲೇ ಅಗಿದಳು. ದೋಣಿಯಲ್ಲೂ ಹೆಂಡತಿ ಮುನಕಾತರ ಬಾಯಿಗೆ ಏನೋ ತುರುಕುತ್ತಿದ್ದುದು ಕಂಡಿತು. ಗಾಳಿ ನಿಂತಿದ್ದ ದಿನ ಅದು. ಆ ಮಧ್ಯಾಹ್ನ ದ್ವೀಪದಲ್ಲಿ ಬೀಸಿದ್ದೆಲ್ಲ ಇವರಿಬ್ಬರ ಕೈಯಿಂದ ಹುಟ್ಟಿದ್ದು, ಅದರಲ್ಲೇ ಮೂರು ಮನೆಯ ಬಟ್ಟೆ ಒಣಗಿತು.

ಮಧ್ಯಾಹ್ನ ದಾಟಿದ ಮೇಲೆ ಸಮುದ್ರ ಉಬ್ಬಿತು. ಉಬ್ಬರ ದೋಣಿಯನ್ನು ಮೆಲ್ಲಗೆ ಹಿಂದಕ್ಕೆ ನೂಕತೊಡಗಿತು. ಕಾಳಿನಷ್ಟಿದ್ದ ಮುನಕಾತರ ಮುಖ ತಟ್ಟೆಯಷ್ಟಾಯಿತು. ಕೊನೆಗೆ ದೋಣಿ ಕಟ್ಟೆಗೆ ತಾಗಿದಾಗ ಇಬ್ಬರೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಇನ್ನೂ ಕೈಬೀಸುತ್ತಿದ್ದರು.

"ಬನ್ನಿ ಬನ್ನಿ, ದಣಿದಿದ್ದೀರಿ," ಎಂದಳು ಶಿಗೆನೊ. ಅಭ್ಯಾಸಬಲ.

"ಮತ್ತೆ ತೊಂದರೆ ಕೊಡ್ತಿದೀವಮ್ಮ," ಎಂದರು ಮುನಕಾತ.

ಇಂಜಿನ್ ರಿಪೇರಿ ನಾಳೆಗೇ ಎಂದ ದೋಣಿಯವನು. ಆ ರಾತ್ರಿಗೂ ಸರ್ಕಾರದ ಪಾಲು ಸಿಗುತ್ತದೋ ಇಲ್ಲವೋ! ಕಿಂಜಿ ಪಟ್ಟಣದ ಪ್ರವಾಸ ಕಚೇರಿಗೆ ಫೋನ್ ಹಚ್ಚಿದ. ಹಿರಿಯರನ್ನೆಲ್ಲ ಮಾವ, ಅತ್ತೆ ಎಂದೇ ಕರೆಯುವ ನೊಜಾಕಿ ಎಂಬ ಹೆಣ್ಣುಮಗಳು ಎಲ್ಲ ಕೇಳಿಸಿಕೊಂಡಳು.

"ದೋಣಿ ಹತ್ತಿ ಹೊರಟಿದ್ರಾ?"

"ಹೊರಟಿದ್ರು."

"ವಾಪಸ್ ಬಂದು ಇಳಿದ್ರಾ?"

"ಇಳಿದ್ರು. ಕೈಬೀಸ್ತಾನೇ."

"ಹಾಗಿದ್ರೆ ಅದು ಇನ್ನೊಂದು ಪ್ರವಾಸ ಮಾವಾ. ಸರ್ಕಾರದ ಪಾಲು ಇದ್ದೇ ಇದೆ. ಅವರ ಭುಜಕ್ಕೆ ಬಿಸಿನೀರು ಹಾಕಿ, ಶಿಗೆನೊ ಅತ್ತೆಗೂ."

ಬಲಗೈ ಏಳದೆ ಮುನಕಾತ ಆ ಸಂಜೆ ಎಡಗೈಯಲ್ಲಿ ಉಂಡರು. ಉಣ್ಣುತ್ತಾ ತಾವಾಗಿಯೇ ಬಾಯಿಬಿಟ್ಟರು.

"ಬೆಳಗ್ಗೆ ಹೇಳ್ಬೇಕು ಅಂತ ನಾಲಿಗೆ ತುದಿಗೆ ಬಂದಿತ್ತಮ್ಮ, ನುಂಗಿಕೊಂಡೆ. ಈ ಮೂರು ವರ್ಷ ಮಗಳಿಗೆ ಬರ್ತೀನಿ ಅಂದೆ, ಹೋಗೋಕಾಗ್ಲಿಲ್ಲ. ಅಣ್ಣನಿಗೂ ಬರ್ತೀನಿ ಅಂದೆ, ಅವನೇ ಉಳಿಲಿಲ್ಲ. ಆಮೇಲೆ ಆ ಮಾತು ಆಡೋದೇ ಬಿಟ್ಟೆ." ಬಟ್ಟಲು ಕೆಳಗಿಟ್ಟರು. "ಇವತ್ತು ನೀವು ನಿಂತಿದ್ದು ನೋಡಿ ಧೈರ್ಯ ಬಂತು. ಚಳಿಗಾಲಕ್ಕೆ ಮತ್ತೆ ಬರ್ತೀವಿ. ಸರ್ಕಾರ ಪಾಲು ಕೊಡ್ಲಿ, ಬಿಡ್ಲಿ."

ಶಿಗೆನೊ ಅಡುಗೆಮನೆಗೆ ಹೋಗಿ ಮುಖಕ್ಕೆ ಬಟ್ಟೆ ಒತ್ತಿಕೊಂಡಳು. ಆಮೇಲೆ ಕೇಳಿದಳು, "ರೀ, ಸರ್ಕಾರ ಇರೋ ಟೋಕಿಯೊ ಯಾವ ಕಡೆ?"

ಕಿಂಜಿ ಸೌಟಿನಿಂದ ಪೂರ್ವಕ್ಕೆ ತೋರಿಸಿದ. ಅವಳು ಹಿತ್ತಲಿಗೆ ಹೋಗಿ ಆ ಕಡೆಗೆ ಆಳವಾಗಿ ಬಾಗಿದಳು. ಬಾಗಿದವಳು ಏಳಲೇ ಇಲ್ಲ.

"ಎಷ್ಟೊತ್ತೇ?"

"ಕಣ್ಮರೆಯಾಗೋ ತನಕ."

"ಸರ್ಕಾರ ಕಾಣ್ತಾನೇ ಇಲ್ಲವಲ್ಲೇ!"

"ಕಾಣದೇ ಇದ್ರೂ ಇಷ್ಟು ದಿನ ಕೈ ಹಿಡಿದಿತ್ತಲ್ಲ," ಎಂದಳು ಶಿಗೆನೊ, ಬಾಗಿಕೊಂಡೇ.

ಕಿಂಜಿ ಸೌಟು ಪಕ್ಕಕ್ಕಿಟ್ಟ, ಅವಳ ಪಕ್ಕ ತಾನೂ ಬಾಗಿದ. ಕೊಳಕ್ಕೆ ಹೊರಟಿದ್ದ ಬೆಕ್ಕುಗಳು ಇಬ್ಬರನ್ನೂ ನೋಡಿ, ಹಿಂದೆ ಸಾಲಾಗಿ ಕೂತವು.