ತಾಮ್ರದ ಹೊಟ್ಟೆಯ ಹುಳಕ್ಕೆ ಹೆಸರಿಟ್ಟದ್ದು

ಬೊಮ್ಮನಹಳ್ಳಿಯ ಸೊಣ್ಣಮ್ಮ ಮೂವತ್ತು ವರ್ಷ ಹೂ ಕಟ್ಟಿದವಳು. ಎಂಬತ್ತೆರಡನೇ ಇಸವಿಯಲ್ಲಿ ಹೊಸೂರು ರಸ್ತೆಯ ಶೆಡ್ಡೊಂದರಲ್ಲಿ ಎಕ್ಸ್‌ಪೋರ್ಟ್ ಕಂಪನಿ ಶುರುವಾದಾಗ ಅದೇ ಬೆರಳುಗಳು ಹುಳ ಕಟ್ಟತೊಡಗಿದವು. ಉಗುರಿನಷ್ಟು ಗಾಳಕ್ಕೆ ಕೋಳಿಗರಿ, ರೇಷ್ಮೆ ನೂಲು ಸುತ್ತಿದರೆ ನೀರಿನ ಮರಿಹುಳ ತಯಾರು. ಅದಕ್ಕೆ ‘ನಿಂಫ್’ ಅನ್ನುತ್ತಾರೆಂದೂ, ಇಂಗ್ಲೆಂಡಿನ ದೊರೆಗಳು ಮೊಣಕಾಲುದ್ದ ಹೊಳೆಯಲ್ಲಿ ನಿಂತು ಅದರಿಂದ ಮೀನು ಹಿಡಿಯುತ್ತಾರೆಂದೂ ಸೂಪರ್‌ವೈಸರ್ ಹನುಮಂತರಾಯಪ್ಪ ಹೇಳಿದ.

“ಹಿಡ್ದು?” ಅಂದಳು ಸೊಣ್ಣಮ್ಮ.

“ವಾಪಸ್ ನೀರಿಗೇ ಬಿಟ್ಬಿಡ್ತಾರಂತೆ.”

ದೊರೆಗಳ ಮೇಲೆ ಅವಳಿಗಿದ್ದ ಗೌರವ ಅಲ್ಲಿಗೆ ಮುಗಿಯಿತು. ಆದರೆ ತಾನು ಕಟ್ಟಿದ್ದನ್ನು ಮೀನು ನಂಬುತ್ತದೋ ಇಲ್ಲವೋ ಅನ್ನುವುದು ತಲೆ ಕೊರೆಯತೊಡಗಿತು.

ಭಾನುವಾರ ಬಿದಿರು ಕಡ್ಡಿಗೆ ದಾರ ಕಟ್ಟಿ, ಗಂಡ ಆವಲಪ್ಪನನ್ನು ಎಳೆದುಕೊಂಡು ಕೆರೆಕೋಡಿಯ ಹಳ್ಳಕ್ಕೆ ಹೋದಳು. ಕಲ್ಲು ಮಗುಚಿದರೆ ನಿಜವಾದ ಮರಿಹುಳಗಳು ತಳದಲ್ಲೇ ಕಚ್ಚಿಕೊಂಡಿದ್ದವು. ಅವಳದೋ ಬೆಂಡಿನಂತೆ ಮೇಲೆ ತೇಲಿತು.

“ನಿನ್ ಹುಳಕ್ಕೆ ಈಜಾಕ್ ಬತ್ತೈತೆ, ಮುಳುಗಾಕ್ ಬರಲ್ಲ,” ಎಂದು ಆವಲಪ್ಪ ನಕ್ಕ. ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವವನು. ಅವನ ಜೇಬಿನಲ್ಲಿ ಸದಾ ತಾಮ್ರದ ತಂತಿ. ಸೊಣ್ಣಮ್ಮ ಕೇಳದೆಯೇ ಅದನ್ನು ಕಿತ್ತುಕೊಂಡು ಹುಳದ ಹೊಟ್ಟೆಗೆ ಸುತ್ತಿ ಬೀಸಿದಳು. ಗಾಳ ಹಿಂದೆ ನಿಂತಿದ್ದ ಆವಲಪ್ಪನ ಪಂಚೆ ಹಿಡಿಯಿತು. ಭಾರೀ ಮೀನೇ ಇರಬೇಕೆಂದು ಅವಳು ಎಳೆದಳು. ಪಂಚೆ ಹಳ್ಳಕ್ಕೆ ಹೋಯಿತು, ಆವಲಪ್ಪ ಪೊದೆಗೆ ಹೋದ.

ಎರಡನೆಯ ಸಲ ಹುಳ ತಳ ಸವರುತ್ತಾ ಹರಿವಿನೊಂದಿಗೆ ಸಾಗಿತು. ದಾರ ತಟಕ್ಕನೆ ನಿಂತಿತು. ಎತ್ತಿದರೆ ಬೆರಳುದ್ದದ ಪಕ್ಕೆ ಮೀನು!

“ನಂಬ್ಬುಡ್ತು ನೋಡಿ!” ಎಂದು ಕುಣಿದಳು.

“ಮೊದ್ಲು ಪಂಚೆ ತಗೊಂಬಾರೆ!” ಎಂದಿತು ಪೊದೆ.

ತಾಮ್ರದ ಹೊಟ್ಟೆಯ ಹುಳವನ್ನು ಹನುಮಂತರಾಯಪ್ಪ ಇಂಗ್ಲೆಂಡಿಗೆ ಸ್ಯಾಂಪಲ್ಲಾಗಿ ಕಳಿಸಿದ. ತಿಂಗಳೊಳಗೆ ಆರ್ಡರ್ ಬಂತು. ಪೊಟ್ಟಣದ ಮೇಲೆ ಬರೆಯಲು ಹೆಸರು ಬೇಕಿತ್ತು.

“ಸೊಣ್ಣಮ್ಮ ಅಂತ್ಲೇ ಇಡೋಣ.”

“ಕಂಡೋರೂರಿನ ಮೀನೆಲ್ಲ ನನ್ನ ಕಚ್ಚಬೇಕಾ? ತಂತಿ ನಮ್ಮನೆಯೋರ್ದು, ಅವ್ರ ಹೆಸ್ರೇ ಇಡಿ.”

“ಏನವರ ಹೆಸ್ರು?”

ಸೊಣ್ಣಮ್ಮ ಸೆರಗನ್ನು ಬಾಯಿಗೆ ತಂದಳು. ಗಂಡನ ಹೆಸರನ್ನು ನಾಲಿಗೆಯ ಮೇಲೆ ತರುವುದುಂಟೆ?

“ಆವಲಹಳ್ಳಿ ಐತಲ್ಲ ಸಾರ್... ಅದ್ರಾಗೆ ಹಳ್ಳಿ ತೆಗ್ದು ಅಪ್ಪನ್ನ ಸೇರ್ಸಿ.”

ಹೀಗೆ ‘ಆವಲಪ್ಪ’ ಇಂಗ್ಲೆಂಡಿಗೆ ಹೊರಟ. ಫಜೀತಿ ಶುರುವಾದದ್ದು ಆಮೇಲೆ.

“ಸೊಣ್ಣಮ್ಮ, ಇವತ್ತೆಷ್ಟು ಆಯ್ತು?” ಎಂದು ಸಂಜೆ ಹನುಮಂತರಾಯಪ್ಪ ಕೇಳಿದ.

“ನಮ್ಮನೆಯೋರು ಹನ್ನೆರಡು ಡಜನ್ ಸಾರ್. ಇಬ್ರಿಗೆ ಬಾಲ ಸೊಟ್ಟ ಆಗೈತೆ, ಬಿಚ್ಚಿ ಕಟ್ತೀನಿ.”

ಪಕ್ಕದಲ್ಲಿ ಕೂತಿದ್ದ ಮುನಿಯಕ್ಕ ನಕ್ಕ ರಭಸಕ್ಕೆ ಗರಿಯ ಡಬ್ಬಿ ಮಗುಚಿ ಶೆಡ್ಡೆಲ್ಲ ಕೋಳಿಪುಕ್ಕ ಹಾರಾಡಿತು. ಸೊಣ್ಣಮ್ಮ ಮಾತ್ರ ಗಂಭೀರವಾಗಿ ಮುಂದಿನ ಗಂಡನ ಹೊಟ್ಟೆಗೆ ತಂತಿ ಸುತ್ತತೊಡಗಿದಳು.