ಕೇಳಿದವರ ಹೆಸರು

ಕುರ್ಚಿ ಮತ್ತೆ ಕಿರ್ರೆಂದಿತು, ತಿಜೋರಿ ಸರ್ ಈ ಕಡೆ ತಿರುಗಿರಬೇಕು, ತಿರುಗಲಿ, ಅವಳು ಮಾತ್ರ ಕತ್ತೆತ್ತುವುದಿಲ್ಲ, ಎತ್ತಿದರೆ ಮುಖ ನೋಡಿಯೇ ಏನೋ ಕೆಟ್ಟಿದೆ ಎಂದು ಕಂಡುಹಿಡಿದುಬಿಡುತ್ತಾರೆ, ಹದಿನಾಲ್ಕು ವರ್ಷ ಎದುರುಬದುರು ಕೂತವರ ಹತ್ತಿರ ಮುಖ ಬಚ್ಚಿಡುವುದು ಆಗುವ ಮಾತೇ — ಪರದೆಯ ಮೇಲೆ ಅದೇ ಕೆಂಪು ಸಾಲು, ಅನುಮತಿ ಇಲ್ಲ, ಅನುಮತಿ ಇಲ್ಲ, ನಿಮಿಷಕ್ಕೊಂದರಂತೆ, ಒಂದು ಗಂಟೆಯ ಸರದಿಯಿಂದ, ಈಗ ಎರಡೂ ಹತ್ತು. ನಲವತ್ತೊಂದು ಕೂಸುಗಳ ರಕ್ತದ ವರದಿ ಹೊರಟು ನಿಂತಿದೆ, ಹುಟ್ಟಿದ ಮೂರನೆಯ ದಿನ ಹಿಮ್ಮಡಿ ಚುಚ್ಚಿ ತೆಗೆದ ಒಂದೊಂದು ತೊಟ್ಟು, ಲ್ಯಾಬಿನವರು ಪರೀಕ್ಷೆ ಮುಗಿಸಿ ಕೊಟ್ಟಾಗಿದೆ, ಅದನ್ನು ಆಸ್ಪತ್ರೆಗಳಿಗೆ ಕಳಿಸುವ ಪ್ರೋಗ್ರಾಮ್ ತಿಜೋರಿಯ ಬಾಗಿಲಲ್ಲಿ ನಿಂತು ಪಾಸ್‌ವರ್ಡ್ ಕೊಡು ಎನ್ನುತ್ತದೆ, ತಿಜೋರಿ ಕೊಡುವುದಿಲ್ಲ ಎನ್ನುತ್ತದೆ. ತಿಜೋರಿ ಎಂದರೆ ಕಬ್ಬಿಣದ್ದಲ್ಲ, ಆಫೀಸಿನ ಅಷ್ಟೂ ಪಾಸ್‌ವರ್ಡುಗಳನ್ನು ಒಳಗಿಟ್ಟುಕೊಂಡು, ಕೇಳಿದವರಿಗೆ ಹಕ್ಕಿದ್ದರೆ ಮಾತ್ರ ಕೊಡುವ ಒಂದು ತಂತ್ರಾಂಶ, ಅದನ್ನು ತಂದು ನಿಲ್ಲಿಸಿದವರು ಇವರು, ಅದಕ್ಕೇ ತಿಜೋರಿ ಸರ್, ಅಪ್ಪ ಅಮ್ಮ ಇಟ್ಟ ಹೆಸರು ಕಾಗದಪತ್ರದಲ್ಲಿ ಮಾತ್ರ ಉಳಿದಿದೆ. ನಲವತ್ತೊಂದರಲ್ಲಿ ಒಂದಕ್ಕೆ ಕೆಂಪು ಗುರುತು, ದೂರದ ಸಣ್ಣ ಆಸ್ಪತ್ರೆಯ ಕೂಸು, ಅಲ್ಲಿಯ ಮಕ್ಕಳ ಡಾಕ್ಟರ್ ಮೂರಕ್ಕೆ ಎದ್ದು ಹೋದರೆ ಮತ್ತೆ ಬರುವುದು ಸೋಮವಾರ, ಲ್ಯಾಬಿನ ಡಾಕ್ಟರಮ್ಮ ಫೋನ್ ಮಾಡಿ ಮಾಡಿ ಸಾಕಾದರು, ರಿಂಗಾಗುತ್ತದೆ, ಎತ್ತುವವರಿಲ್ಲ, ಹೇಗಾದ್ರೂ ಕಳಿಸಮ್ಮ, ಆ ಮಗು ಸೋಮವಾರದ ತನಕ ಕಾಯೋ ಹಾಗಿಲ್ಲ.

ಇಷ್ಟು ದಿನ ಬಿಟ್ಟು ಇವತ್ತೇ ಕೆಡಬೇಕಿತ್ತೇ ಇದು, ಇವತ್ತು ಅವರ ಕೊನೆಯ ದಿನ, ನಾಲ್ಕಕ್ಕೆ ಮೀಟಿಂಗ್ ರೂಮಿನಲ್ಲಿ ಕೇಕು, ಹೂಗುಚ್ಛ, ಅವಳ ಭಾಷಣ, ಬ್ಯಾಗಿನಲ್ಲಿ ಮಡಚಿಟ್ಟ ಹಾಳೆ, ಮೂವತ್ತು ವರ್ಷದಲ್ಲಿ ಒಂದೇ ಒಂದು ನಿಯಮ ಮುರಿಯದ ಮನುಷ್ಯ ಎಂದು ಶುರು. ಹನ್ನೆರಡಕ್ಕೆ ಅವರ ಖಾತೆ ಬಂದ್ ಮಾಡಿದವಳೂ ಅವಳೇ, ನಿವೃತ್ತರಾಗುವವರ ಹಕ್ಕುಗಳನ್ನು ಮಧ್ಯಾಹ್ನವೇ ಕಳಚಬೇಕು, ಅವರೇ ಬರೆದ ನಿಯಮ, ಕೇಕು ತಿಂದ್ಮೇಲೆ ಯಾರಿಗೂ ಕೈ ಬರಲ್ಲ ಕಣಮ್ಮ, ಪಕ್ಕದಲ್ಲಿ ನಿಂತು ಒತ್ತಿಸಿದರು, ಒತ್ತು ಒತ್ತು, ಹಲ್ಲು ಕೀಳ್ಸೋಕೆ ಬಂದವಳ ಹಾಗೆ ಯಾಕೆ ಮುಖ ಮಾಡ್ಕೊಂಡಿದೀಯ, ಅವಳು ಒತ್ತಿದಳು, ಆಗಿನಿಂದ ಅವರು ಬರಿಗೈಯಲ್ಲಿ ಕೂತು ಪೆನ್ ಸ್ಟ್ಯಾಂಡ್ ಒರೆಸುತ್ತಿದ್ದಾರೆ, ಒರೆಸಿದ್ದನ್ನೇ ಒರೆಸುತ್ತಿದ್ದಾರೆ. ಕೆಟ್ಟದ್ದು ತನ್ನಿಂದಲೇ ಎಂದು ಅವಳಿಗೆ ಖಾತ್ರಿ, ನಿನ್ನೆ ಸಂಜೆ ಅನುಮತಿಯ ಪಟ್ಟಿ ತಿದ್ದಿದ್ದು ತಾನೇ ಅಲ್ಲವೇ, ಯಾವ ಪ್ರೋಗ್ರಾಮ್ ಯಾವ ಪಾಸ್‌ವರ್ಡ್ ನೋಡಬಹುದು ಎಂಬ ಪಟ್ಟಿ, ಅಂದವಾಗಲಿ ಎಂದು ಸಾಲುಗಳನ್ನು ಹಿಂದೆಮುಂದೆ ಮಾಡಿದ್ದು, ಕೈ ಸುಮ್ಮನಿರಲಾರದೆ, ಈಗ ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದಿದ್ದರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಾಳೆ, ಅವರು ಎದ್ದು ಹೋಗುವ ಮೊದಲೇ ಮನೆ ಕೆಡಿಸಿಟ್ಟಳು ಎನ್ನಿಸಿಕೊಳ್ಳಬೇಕೇ. ತಿಜೋರಿ ನಡೆಯುತ್ತಿದೆಯೇ, ನಡೆಯುತ್ತಿದೆ, ಬೇರೆಯವರಿಗೆಲ್ಲ ಕೊಡುತ್ತಿದೆ. ಪಾಸ್‌ವರ್ಡ್ ಇಟ್ಟ ಜಾಗದ ವಿಳಾಸ ಸರಿಯೇ, ಅಕ್ಷರ ಅಕ್ಷರ ಬೆರಳಿಟ್ಟು ಓದಿದಳು, ಒಂದು ಗೆರೆ ಹೆಚ್ಚಿಲ್ಲ ಒಂದು ಚುಕ್ಕೆ ಕಮ್ಮಿಯಿಲ್ಲ. ಓದುವ ಹಕ್ಕು ಪಟ್ಟಿಯಲ್ಲಿ ಇದೆಯೇ, ಇದೆ. ನಿನ್ನೆಯ ತಿದ್ದುಪಡಿಯನ್ನೇ ತೆಗೆದುಹಾಕಿದಳು, ಅನುಮತಿ ಇಲ್ಲ. ಅದೇ ಪಟ್ಟಿಯ ಮೇಲೆ ತಿಜೋರಿಗೆ ತೋರಿಸುವ ಹೊಸದೊಂದು ಗುರುತುಚೀಟಿ ಮಾಡಿಕೊಂಡು ತಾನೇ ಹೋಗಿ ಕೇಳಿದಳು, ತಿಜೋರಿ ತಟ್ಟನೆ ಕೊಟ್ಟಿತು, ನನಗೆ ಕೊಡ್ತೀಯ, ಅದಕ್ಕೆ ಕೊಡಲ್ಲ, ಏನು ಹಟ ನಿಂದು. ಪಟ್ಟಿ ಸರಿ, ವಿಳಾಸ ಸರಿ, ಬಾಗಿಲು ಸರಿ, ಮತ್ತೆ ಕೆಟ್ಟದ್ದೇನು — ಅವಳು ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರು ಹೇಳಿಕೊಟ್ಟಿದ್ದರು, ಏನು ಕೇಳಿದ್ರು ಅಂತ ಆಮೇಲೆ ನೋಡು, ಯಾರು ಕೇಳಿದ್ರು ಅಂತ ಮೊದಲು ನೋಡು, ಯಾರೆಂದರೆ ಪ್ರೋಗ್ರಾಮೇ ತಾನೆ, ಅದರಲ್ಲಿ ನೋಡುವುದೇನಿದೆ ಎಂದು ಒಂದು ಗಂಟೆಯಿಂದ ಆ ಕಡೆ ತಲೆಯೇ ಹಾಕಿರಲಿಲ್ಲ.

ತಲೆ ಹಾಕಿದಳು, ತಿಜೋರಿಗೆ ಬಂದ ಪ್ರತಿ ಕೋರಿಕೆಯೂ ಬಿದ್ದಿರುವ ದಾಖಲೆ, ಕೆಂಪು ಸಾಲು, ಕೇಳಿದ ವೇಳೆ, ಕೇಳಿದ ವಸ್ತು, ಕೇಳಿದವರ ಹೆಸರು — ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು, ಹೆಸರು ಅವರದು, ಎದುರು ಕೂತು ಪೆನ್ ಸ್ಟ್ಯಾಂಡ್ ಒರೆಸುತ್ತಿರುವವರದು. ಪ್ರೋಗ್ರಾಮಿನ ಕೈಯಲ್ಲಿದ್ದ ಗುರುತುಚೀಟಿ ಅದರದಲ್ಲ, ಇಷ್ಟು ವರ್ಷ ಅದು ಅವರ ಹೆಸರು ಹೇಳಿಕೊಂಡು ಬಾಗಿಲು ತಟ್ಟುತ್ತಿತ್ತು, ಹನ್ನೆರಡಕ್ಕೆ ಅವಳು ಗುಂಡಿ ಒತ್ತಿದಳು, ಒಂದಕ್ಕೆ ಅದು ಹೋಗಿ ತಟ್ಟಿತು, ಅಂಥವರು ಇಲ್ಲಿ ಯಾರೂ ಇಲ್ಲ ಎಂದಿತು ತಿಜೋರಿ. ಮನುಷ್ಯರ ಹೆಸರಲ್ಲಿ ಯಂತ್ರ ಓಡಿಸ್ಬೇಡಿ, ಮನುಷ್ಯ ಇವತ್ತು ಇರ್ತಾನೆ ನಾಳೆ ಹೋಗ್ತಾನೆ, ಅವರು ಇದನ್ನು ಹೇಳದ ವಾರವಿಲ್ಲ, ಬೇರೆ ಯಾರಾದರೂ ಆಗಿದ್ದರೆ ಹೇಳುವುದು ಪುರಾಣ ತಿನ್ನುವುದು ಬದನೆಕಾಯಿ ಎಂದು ನಗುತ್ತಿದ್ದಳು, ನಗು ಬರಲಿಲ್ಲ, ಕಣ್ಣು ಚೀಟಿ ಹುಟ್ಟಿದ ತಾರೀಕಿಗೆ ಹೋಯಿತು, ಹನ್ನೊಂದು ವರ್ಷದ ಹಿಂದಿನದು, ತಿಂಗಳು ಅದೇ, ದಿನ — ಇದಕ್ಕೆ ಐದು ದಿನ ಮೊದಲಿನ ತಾರೀಕನ್ನು ಅವಳು ಸ್ಕೂಲಿನ ಪ್ರತಿ ಅರ್ಜಿಯಲ್ಲೂ ಬರೆದಿದ್ದಾಳೆ, ಮಗಳು ಹುಟ್ಟಿದ ದಿನ. ಆಗ ವರದಿಗಳು ಲಕೋಟೆಯಲ್ಲಿ ವಾರಕ್ಕೊಮ್ಮೆ ಹೋಗುತ್ತಿದ್ದವು, ಕಳಿಸುವ ಪ್ರೋಗ್ರಾಮ್ ಮುಂದಿನ ತಿಂಗಳು ಶುರುವಾಗುವುದಿತ್ತು, ಅವಳು ಹೆರಿಗೆ ವಾರ್ಡಿನಲ್ಲಿ, ತೊಡೆಯ ಮೇಲೆ ಯಾವಾಗಲೂ ನಿದ್ದೆ ಮಾಡುವ ಕೂಸು, ಎಷ್ಟು ಸಾಧು ಮಗು ಎಂದು ನೋಡಲು ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು, ಐದನೆಯ ದಿನ ಮಧ್ಯಾಹ್ನ ಡಾಕ್ಟರ್ ಅವಸರವಾಗಿ ಬಂದರು, ನಿಮ್ಮ ಲ್ಯಾಬಿಂದ ಈಗ ತಾನೇ ಬಂತು, ಥೈರಾಯ್ಡ್ ಕೆಲಸ ಮಾಡ್ತಿಲ್ಲ, ಇವತ್ತೇ ಮಾತ್ರೆ ಶುರು ಮಾಡೋಣ, ಬೇಗ ಗೊತ್ತಾಗಿದ್ದು ಒಳ್ಳೇದಾಯ್ತು, ತಡವಾಗಿದ್ರೆ ಬೆಳವಣಿಗೆ, ಬುದ್ಧಿ — ಎಂದು ಅಲ್ಲಿಗೇ ನಿಲ್ಲಿಸಿದ್ದರು. ಪ್ರೋಗ್ರಾಮ್ ಒಂದು ತಿಂಗಳು ಮೊದಲೇ ಶುರುವಾಯಿತೇನೋ ಎಂದುಕೊಂಡಿದ್ದಳು, ಅವಳು ಕೇಳಲಿಲ್ಲ, ಸರ್ ಹೇಳಲಿಲ್ಲ, ನಿಯಮದಂತೆ ಹೋಗಿದ್ದರೆ ಹೊಸ ಹೆಸರಿಗೆ ಅರ್ಜಿ, ಒಪ್ಪಿಗೆ, ಆಗೆಲ್ಲ ಅದಕ್ಕೇ ಒಂದು ವಾರ, ಅವರು ಪ್ರೋಗ್ರಾಮಿಗೆ ತಮ್ಮದೇ ಹೆಸರು ಕೊಟ್ಟು ಆವತ್ತೇ ಕಳಿಸಿದ್ದಾರೆ. ಆವತ್ತಿನಿಂದ ದಿನಾ ಬೆಳಗ್ಗೆ ಒಂದು ಪುಟ್ಟ ಬಿಳಿ ಮಾತ್ರೆ, ಈಗ ಭುಜದವರೆಗೆ ಬೆಳೆದು ಮಾತಿಗೆ ಮಾತು ಕೊಡುವ ಹುಡುಗಿ, ನುಂಗಿದ್ಯಾ, ನುಂಗ್ದೆ, ಎಲ್ಲಿ ತೋರ್ಸು, ಕಣ್ಣು ಮುಚ್ಚಿ ಉದ್ದಕ್ಕೂ ಚಾಚುವ ನಾಲಿಗೆ, ಗುಲಾಬಿ ಬಣ್ಣದ್ದು, ಅದರ ಮೇಲೆ ಏನೂ ಇಲ್ಲ.

ಒಂದು ಗುಂಡಿ ಒತ್ತಿದರಾಯಿತು, ಅವರ ಖಾತೆ ಹತ್ತು ನಿಮಿಷ ತೆರೆದರೆ ನಲವತ್ತೊಂದೂ ಹೋಗುತ್ತವೆ, ಕೇಳುವವರಿಲ್ಲ, ಆಮೇಲೆ ಯಾವತ್ತಾದರೂ ಸದ್ದಿಲ್ಲದೆ ಸರಿಮಾಡಬಹುದು, ನೇರ ದಾರಿಯಲ್ಲಿ ಹೋದರೆ ಪ್ರೋಗ್ರಾಮಿಗೆ ಅದರದೇ ಹೆಸರು, ಹೊಸ ಚೀಟಿ, ಮ್ಯಾನೇಜರಮ್ಮನ ಒಪ್ಪಿಗೆ, ಕೊನೆಗೆ ಘಟನೆಯ ವರದಿ, ಯಾರು ಯಾವಾಗ ಯಾಕೆ, ನಾಲ್ಕಕ್ಕೆ ಅವರು ಕೇಕಿನ ಮುಂದೆ ನಿಲ್ಲುವಾಗ ಎಲ್ಲರ ಫೋನಿನಲ್ಲೂ ಅದು ಇರುತ್ತದೆ, ತಿಜೋರಿ ಸರ್ ಕೂಡ ಹೀಗೆ ಮಾಡಿದ್ದರಂತೆ — ಬೆರಳು ಗುಂಡಿಯ ಮೇಲಿದೆ, ಬೆನ್ನ ಹಿಂದೆ ಅವರು ಬಂದು ನಿಂತಿದ್ದಾರೆ, ಯಾವಾಗ ಎದ್ದರೋ. ಅದು ನಾನೇ ಅಲ್ವೇನಮ್ಮ. ಹತ್ತೇ ನಿಮಿಷ ಸರ್, ತೆರೆದು ಮುಚ್ಚಿಬಿಡ್ತೀನಿ. ಮುಚ್ಚಿದ್ದು ಮುಚ್ಚಿದ್ದೇ, ನಾನೀಗ ಹೊರಗಿನವನು, ಹೊರಗಿನವನಿಗೆ ಬಾಗಿಲು ತೆಗಿಬಾರ್ದು, ಅದಕ್ಕೊಂದು ಹೆಸರು ಕೊಡು, ಇನ್ನೂ ಹೊತ್ತಿದೆ. ಅವಳು ಮ್ಯಾನೇಜರಮ್ಮನಿಗೆ ಫೋನ್ ಹಚ್ಚಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಒಪ್ಪಿಗೆ ಬಂತು, ಹೆಸರು ಮಾಡಿದಳು, ಹಕ್ಕು ಕೊಟ್ಟಳು, ಚೀಟಿ ಇಟ್ಟಳು, ಎರಡೂ ನಲವತ್ತು, ಅನುಮತಿ ಇಲ್ಲ. ಎಲ್ಲ ಕೊಟ್ಟಿದ್ದೇನಲ್ಲ, ಇನ್ನೇನು ಬೇಕು ಇದಕ್ಕೆ, ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಸುಮ್ಮನೆ ನಿಂತಿದ್ದಾರೆ, ಉತ್ತರ ಗೊತ್ತು ಅವರಿಗೆ, ಉಸಿರಿನಲ್ಲೇ ತಿಳಿಯುತ್ತದೆ, ಹೇಳುವುದಿಲ್ಲ, ಸೋಮವಾರದಿಂದ ಅವಳೊಬ್ಬಳೇ — ಚಾಚಿದ ನಾಲಿಗೆ, ಎಲ್ಲಿ ತೋರ್ಸು, ಕೊಟ್ಟರೆ ಸಾಲದು, ನುಂಗಿತೋ ಇಲ್ಲವೋ ನೋಡಬೇಕು — ಓ, ಪ್ರೋಗ್ರಾಮ್ ಇನ್ನೂ ಹಳೆಯ ಚೀಟಿಯನ್ನೇ ಹಿಡಿದು ಕೂತಿದೆ, ಅದನ್ನು ನಿಲ್ಲಿಸಿ ಮತ್ತೆ ಎಬ್ಬಿಸಬೇಕು, ಎಬ್ಬಿಸಿದಳು, ಎರಡೂ ನಲವತ್ತೇಳು, ಹಸಿರು, ಹಸಿರು, ಹಸಿರು, ಕೆಂಪು ಗುರುತಿನದು ಮೊದಲು ಹೋಯಿತು. ಎರಡೂ ಐವತ್ತನಾಲ್ಕಕ್ಕೆ ಡಾಕ್ಟರಮ್ಮ ಕೂಗಿ ಹೇಳಿದರು, ತಲುಪಿತಂತೆ, ತಾಯಿ ಮಗೂನ ಕರೆಸ್ತಿದ್ದಾರಂತೆ, ಬೆನ್ನ ಹಿಂದೆ ಅವರು ಒಂದು ದೊಡ್ಡ ಉಸಿರು ಬಿಟ್ಟರು.

ಇನ್ನು ಘಟನೆಯ ವರದಿ. ಅವರು ತಮ್ಮ ಕುರ್ಚಿಯನ್ನೇ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು, ಬರಿ, ನಾನಿರುವಾಗಲೇ ಬರಿ. ಯಾರು, ಅವಳು ಬರೆದಳು, ಆ ಕಾಗದಪತ್ರದ ಹೆಸರನ್ನು, ಇಷ್ಟು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಕರೆಯದ ಹೆಸರನ್ನು, ಪೂರ್ತಿಯಾಗಿ. ಯಾವಾಗ, ಬರೆದಳು, ಸರ್ ಈ ತಾರೀಕು, ಎಂದಳು, ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ತಪ್ಪು ತಪ್ಪೇ ಕಣಮ್ಮ, ಆಮೇಲಾದ್ರೂ ಸರಿ ಮಾಡ್ಬೇಕಿತ್ತು, ದಿನಾ ಅಷ್ಟು ಮಕ್ಕಳ ವರದಿ ನನ್ನ ಹೆಸರಲ್ಲಿ ಹೋಗ್ತಿತ್ತಲ್ಲ, ತೆಗೆಯೋಕೆ ಮನಸ್ಸು ಬರ್ಲಿಲ್ಲ. ಇಷ್ಟು ಹೇಳಿ ಕಿಟಕಿಯ ಕಡೆ ನೋಡಿದರು, ಈ ಮನುಷ್ಯನನ್ನು ತಬ್ಬಿಕೊಳ್ಳಬೇಕೆನಿಸಿತು ಅವಳಿಗೆ, ತಬ್ಬಿಕೊಳ್ಳಲಿಲ್ಲ, ಕೀಲಿಮಣೆಯ ಮೇಲೆ ಕೈ ಇಟ್ಟುಕೊಂಡೇ ಕೂತಳು. ಯಾಕೆ, ಎಂದು ಕೇಳುತ್ತದೆ ಕೊನೆಯ ಚೌಕ, ಅವಸರ ಅಂತ ಬರಿ ಸಾಕು ಎಂದರು ಅವರು, ಸಾಕೇ, ಅವಸರ, ಬರೆದಳು, ಅಳಿಸಿದಳು, ಒಂದು ಕೂಸಿನ, ಅಳಿಸಿದಳು, ಯಾಕೆ ಎಂದರೆ, ಬೆಳಗ್ಗೆ, ಅಡುಗೆಮನೆಯ ಬಾಗಿಲಲ್ಲಿ, ಎಲ್ಲಿ ತೋರ್ಸು, ಕಣ್ಣು ಮುಚ್ಚಿ, ಉದ್ದಕ್ಕೂ ಚಾಚಿದ ನಾಲಿಗೆ, ಒದ್ದೆ, ಗುಲಾಬಿ, ಅದರ ಮೇಲೆ ಏನೂ ಇಲ್ಲ, ಏನೂ ಇಲ್ಲ —